ಲಿಮಾದಲ್ಲಿ ಫೈರ್ ಎಂಜಿನ್ ವಿಮಾನಕ್ಕೆ ಅಡ್ಡ ಬಂದಿದ್ದು ಹೇಗೆ? ನಮ್ಮ ಹುಡುಗ ಏರ್‌ಪೋರ್ಟ್ ಡ್ರೈವರ್ ಆಗಿದ್ದಾನೆ

ಬಾಗಲೂರು ಮಾವ:
ನಮ್ಮ ಅಕ್ಕನ ಮಗ ದೇವನಹಳ್ಳಿ ಏರ್‌ಪೋರ್ಟ್ ಒಳಗೆ ಸ್ಟಾಫ್ ವ್ಯಾನ್ ಓಡಿಸುವ ಕೆಲಸಕ್ಕೆ ಸೇರಿದ್ದಾನೆ. ಇನ್ನೂ ಟ್ರೈನಿಂಗ್. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಫ್ಯಾಮಿಲಿ ಗ್ರೂಪಿಗೆ ಪೆರು ದೇಶದ ಲಿಮಾ ಏರ್‌ಪೋರ್ಟಿನ ಹಳೇ ವಿಡಿಯೋ ಹಾಕಿದರು. 2022ರ ನವೆಂಬರ್ 18ರದ್ದು. ಟೇಕಾಫ್‌ಗೆ ಓಡುತ್ತಿದ್ದ ಎ320 ವಿಮಾನಕ್ಕೆ ಫೈರ್ ಎಂಜಿನ್ ಅಡ್ಡ ಬರುತ್ತದೆ. ವಿಮಾನದಲ್ಲಿದ್ದ 108 ಜನವೂ ಉಳಿದುಕೊಂಡರು. ಫೈರ್ ಎಂಜಿನ್‌ನಲ್ಲಿದ್ದ ಇಬ್ಬರು ಅಲ್ಲೇ ಹೋದರು, ಮೂರನೆಯವರು ತಿಂಗಳುಗಟ್ಟಲೆ ನರಳಿ ತೀರಿಕೊಂಡರು.

ಅಕ್ಕನಿಗೆ ಈಗ ನಿದ್ದೆ ಇಲ್ಲ. 'ಆ ಕೆಲಸ ಬಿಡಿಸು' ಅಂತ ನನ್ನ ತಲೆ ತಿನ್ನುತ್ತಿದ್ದಾಳೆ. ಮಟಮಟ ಮಧ್ಯಾಹ್ನ ಅಷ್ಟು ದೊಡ್ಡ ವಿಮಾನ ಡ್ರೈವರ್ ಕಣ್ಣಿಗೆ ಬೀಳಲಿಲ್ಲವಾ? ಪೈಲಟ್ ಬ್ರೇಕ್ ಹಾಕೋಕಾಗಲ್ವಾ? ಒಳಗಿನ ವಿಷಯ ಗೊತ್ತಿರೋರು ಹೇಳಿ.

ಹಳೇ ಜೀಪು:
ಸಾರ್, ನಾನು ಏರ್‌ಪೋರ್ಟಲ್ಲಿ ರನ್‌ವೇ ಇನ್‌ಸ್ಪೆಕ್ಷನ್ ಜೀಪು ಓಡಿಸುತ್ತಿದ್ದವನು. ಮೊದಲು ಎಚ್‌ಎಎಲ್‌ನಲ್ಲಿ, 2008ರಲ್ಲಿ ಎಲ್ಲ ಅತ್ತ ಹೋದ ಮೇಲೆ ದೇವನಹಳ್ಳಿಯಲ್ಲಿ. ಈಗ ರಿಟೈರ್ಡ್.

ಮೊದಲು ಬ್ರೇಕ್ ವಿಷಯ ಮುಗಿಸಿಬಿಡೋಣ. ಡಿಕ್ಕಿ ಹೊತ್ತಿಗೆ ಆ ವಿಮಾನದ ವೇಗ ಗಂಟೆಗೆ 200 ಕಿ.ಮೀ. ದಾಟಿತ್ತು. ಅಂದರೆ ಸೆಕೆಂಡಿಗೆ 55 ಮೀಟರ್‌ಗಿಂತ ಜಾಸ್ತಿ. ಪಕ್ಕದಿಂದ ಲಾರಿ ನುಗ್ಗಿ ಬಂದರೆ ಯಾವ ಪೈಲಟ್ಟೂ ಏನೂ ಮಾಡೋಕಾಗಲ್ಲ.

ಅವತ್ತು ಅಲ್ಲಿ ಬೆಂಕಿ ಬಿದ್ದಿರಲಿಲ್ಲ. ಫೈರ್‌ನವರು ಅಭ್ಯಾಸ ಮಾಡುತ್ತಿದ್ದರು. ಸ್ಟೇಷನ್ನಿಂದ ಹೊರಟು ರನ್‌ವೇಯ ಯಾವ ಮೂಲೆಗಾದರೂ 3 ನಿಮಿಷದೊಳಗೆ ತಲುಪಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ಎರಡೇ ನಿಮಿಷಕ್ಕೆ ತಲುಪಿದರೆ ಇನ್ನೂ ಒಳ್ಳೇದು ಅಂತಾರೆ. ಗಡಿಯಾರ ಹಿಡಿದು ಅದನ್ನೇ ಅಳೆಯುತ್ತಿದ್ದರು. ಅಭ್ಯಾಸಕ್ಕೆ ಒಪ್ಪಿಗೆ ಇತ್ತು. ರನ್‌ವೇ ಒಳಗೆ ಬರೋಕೆ ಟವರ್ (ವಿಮಾನ, ಗಾಡಿಗಳ ಓಡಾಟ ನಿಯಂತ್ರಿಸುವ ಕಂಟ್ರೋಲ್ ಟವರ್) ಒಪ್ಪಿಗೆ ಕೊಟ್ಟಿರಲಿಲ್ಲ. ತನಿಖೆಯಲ್ಲಿ ಬಂದಿದ್ದೂ ಅದೇ: ಎಲ್ಲರೂ ಕೂತು ಒಟ್ಟಿಗೆ ಪ್ಲಾನ್ ಮಾಡಿರಲಿಲ್ಲ, ರೇಡಿಯೋದಲ್ಲಿ ನಿಯಮದ ಪ್ರಕಾರ ಮಾತಾಡಿರಲಿಲ್ಲ. ಸತ್ತ ಡ್ರೈವರನ್ನು ಬೈಯೋದು ಸುಲಭ. ಕೈಯಲ್ಲಿ ಸ್ಟಾಪ್‌ವಾಚ್ ಕೊಟ್ಟು 'ಓಡು' ಅಂದವರು ಯಾರು ಅಂತ ನಾನಂತೂ ಕೇಳುತ್ತೇನೆ.

ರನ್‌ವೇ ಬಾಯಲ್ಲಿ ಹೇಗಿರುತ್ತದೆ ಅಂದರೆ, ನೆಲದ ಮೇಲೆ ಹಳದಿ ಬಣ್ಣದ ನಾಲ್ಕು ಗೆರೆ ಅಡ್ಡಡ್ಡ ಇರುತ್ತವೆ. ನಮ್ಮ ಕಡೆಗೆ ಎರಡು ಇಡೀ ಗೆರೆ, ರನ್‌ವೇ ಕಡೆಗೆ ಎರಡು ತುಂಡು ತುಂಡು ಗೆರೆ. ಪಕ್ಕದಲ್ಲಿ ಕೆಂಪು ಬೋರ್ಡು, ಬಿಳಿ ಅಕ್ಷರದಲ್ಲಿ ರನ್‌ವೇ ನಂಬರು. ಕೆಲವು ಕಡೆ ನೆಲದಲ್ಲೇ ಸಾಲಾಗಿ ಕೆಂಪು ದೀಪ. ಗೆರೆಯ ಹಿಂದೆ ನಿಂತು ಟವರ್‌ಗೆ ನಮ್ಮ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನಮ್ಮ ಗಾಡಿಯ ಹೆಸರು, ಹೇಳಿ ಕೇಳಬೇಕು. ಅವರು ಹೇಳಿದ್ದನ್ನು ಹಾಗೇ ತಿರುಗಿ ಒಪ್ಪಿಸಬೇಕು. ಬರೀ 'ಓಕೆ ಸಾರ್' ಅಂದರೆ ನಡೆಯಲ್ಲ. ಒಪ್ಪಿಗೆ ಸಿಕ್ಕ ಮೇಲೂ ನಾನು ಕಿಟಕಿ ಇಳಿಸಿ, ಎರಡೂ ಕಡೆ ಕತ್ತು ತಿರುಗಿಸಿ ನೋಡಿಯೇ ಗೇರ್ ಹಾಕುತ್ತಿದ್ದೆ. ಜೊತೆಗಿದ್ದ ಹುಡುಗರು ನಗುತ್ತಿದ್ದರು. ನಗಲಿ ಬಿಡಿ.

ಜಕ್ಕೂರು ರೆಕ್ಕೆ:
ಹಳೇ ಜೀಪು ಸಾರ್, ಒಪ್ಪಿಗೆ ಇದ್ದರೂ ಸತ್ತವರಿದ್ದಾರಲ್ಲ? 1984ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟದ ಓಮ್ಸ್ಕ್‌ನಲ್ಲಿ ರನ್‌ವೇ ಒಣಗಿಸುವ ಗಾಡಿಗಳು ಒಪ್ಪಿಗೆ ತಗೊಂಡೇ ಒಳಗೆ ಹೋಗಿದ್ದವು. ಕಳಿಸಿದ ಕಂಟ್ರೋಲರ್ ನಿದ್ದೆಗೆ ಜಾರಿದ. ಟಿಯು-154 ವಿಮಾನ ಇಳಿದು ಆ ಗಾಡಿಗಳಿಗೆ ಡಿಕ್ಕಿ ಹೊಡೆಯಿತು. 178 ಜನ ಸತ್ತರು.

ನಮ್ಮಲ್ಲೂ ಕೂದಲೆಳೆಯಲ್ಲಿ ತಪ್ಪಿದೆ. 2020ರ ಫೆಬ್ರವರಿಯಲ್ಲಿ ಪುಣೆಯಲ್ಲಿ ರನ್‌ವೇ ಮೇಲೆ ಜೀಪು ಕಂಡು ಎ321 ಪೈಲಟ್ ಬೇಗನೇ ಮೇಲೆತ್ತಿದರು. ಬಾಲ ನೆಲಕ್ಕೆ ಉಜ್ಜಿತು. ವಿಮಾನ ದೆಹಲಿಯಲ್ಲಿ ಸುರಕ್ಷಿತವಾಗಿ ಇಳಿಯಿತು. ನನ್ನ ಪ್ರಕಾರ ಮನುಷ್ಯರನ್ನು ನಂಬಬಾರದು. ರನ್‌ವೇಗೆ ಹೋಗುವ ಪ್ರತಿ ಗಾಡಿಗೂ ಟ್ರಾನ್ಸ್‌ಪಾಂಡರ್ (ಗಾಡಿ ಎಲ್ಲಿದೆ ಅಂತ ಸಿಗ್ನಲ್ ಕಳಿಸುವ ಸಾಧನ) ಇರಬೇಕು, ಟವರ್ ಸ್ಕ್ರೀನಲ್ಲಿ ಕಾಣಬೇಕು.

ಹಳೇ ಜೀಪು:
ಇರಬೇಕು, ಬೇಡ ಅಂದವರ್ಯಾರು? ಆದರೆ 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಎರಡು ವಿಮಾನ ಡಿಕ್ಕಿಯಾದಾಗ ಟವರ್ ಸ್ಕ್ರೀನ್ ಎಚ್ಚರಿಕೆ ತೋರಿಸಿತ್ತು. ನೋಡಬೇಕಾದವರು ಗಮನಿಸಲಿಲ್ಲ. ಕರಾವಳಿ ಕಾವಲು ವಿಮಾನದಲ್ಲಿದ್ದ 5 ಜನ ಹೋದರು. ಮಷೀನ್ ಇದ್ದರೂ ಕಡೆಗೆ ನೋಡೋದು ಮನುಷ್ಯನೇ ಅಲ್ವಾ?

ಓಮ್ಸ್ಕ್‌ನ ಗಾಡಿಗಳು ತಲೆ ಮೇಲಿನ ಮಿನುಗು ದೀಪ ಆರಿಸಿಕೊಂಡಿದ್ದವು. ಅದನ್ನೂ ಸೇರಿಸಿಕೊಳ್ಳಿ. ನಮ್ಮವರೂ ರಾತ್ರಿ ಪಾಳಿಯಲ್ಲಿ ಕಣ್ಣಿಗೆ ಹೊಡೆಯುತ್ತೆ ಅಂತ ಆರಿಸೋಕೆ ನೋಡುತ್ತಿದ್ದರು. ಬೈದು ಬೈದು ನನ್ನ ಗಂಟಲು ಹೋಗಿತ್ತು.

ಬಾಗಲೂರು ಮಾವ:
ಇಬ್ಬರಿಗೂ ಥ್ಯಾಂಕ್ಸ್. ಆದರೆ ಇದನ್ನೆಲ್ಲ ಅಕ್ಕನಿಗೆ ಓದಿ ಹೇಳಿದರೆ ಅವಳು ಇವತ್ತೇ ಅವನನ್ನು ಮನೆಗೆ ಕರೆಸುತ್ತಾಳೆ! ನಮ್ಮ ಹುಡುಗ ರನ್‌ವೇಗೆ ಹೋಗುತ್ತಾನಾ, ಇಲ್ವಾ?

ಹಳೇ ಜೀಪು:
ಅದನ್ನೇ ಮೊದಲು ಹೇಳಬೇಕಿತ್ತು ನೋಡಿ. ಸ್ಟಾಫ್ ವ್ಯಾನ್‌ನವರಿಗೆ ರನ್‌ವೇ ಹತ್ತಿರ ಕೆಲಸವೇ ಇಲ್ಲ. ಅವರದ್ದು ಏಪ್ರನ್, ಅಂದರೆ ವಿಮಾನ ನಿಲ್ಲುವ ಜಾಗ ಮತ್ತು ಅಲ್ಲಿನ ಗಾಡಿ ರಸ್ತೆ. ರನ್‌ವೇ, ಟ್ಯಾಕ್ಸಿವೇಗೆ (ವಿಮಾನ ರನ್‌ವೇಗೆ ಹೋಗಿಬರುವ ದಾರಿ) ಹೋಗೋಕೆ ಬೇರೆ ಪರ್ಮಿಟ್, ಬೇರೆ ರೇಡಿಯೋ ಟ್ರೈನಿಂಗ್. ಇದನ್ನು ಅಕ್ಕನಿಗೆ ಹೇಳಿ, ಓಮ್ಸ್ಕ್ ಕಥೆ ಬೇಡ.

ಏಪ್ರನ್‌ನಲ್ಲೂ ಮೈಯೆಲ್ಲ ಕಣ್ಣಾಗಿರಬೇಕು. 2025ರ ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಲ್ಲೇ ಟೆಂಪೋ ಟ್ರಾವೆಲರ್ ಒಂದು ಸುಮ್ನೆ ನಿಂತಿದ್ದ ವಿಮಾನದ ಅಡಿಗೆ ಹೋಗಿ ಗುದ್ದಿತ್ತು, ಪೇಪರಲ್ಲಿ ಫೋಟೋ ಬಂದಿತ್ತು. ವಿಮಾನದ ಹೊಟ್ಟೆ ಕೆಳಗಿನ ಕೆಂಪು ದೀಪ ಮಿನುಗುತ್ತಿದ್ದರೆ ಎಂಜಿನ್ ಚಾಲೂ ಇದೆ ಅಥವಾ ಆಗಲಿದೆ ಅಂತ ಅರ್ಥ. ಹಿಂದೆಯೂ ಹೋಗಬಾರದು, ಮುಂದೆಯೂ ಹೋಗಬಾರದು. ಇದು ಅವನಿಗೆ ಬಾಯಿಪಾಠ ಆಗಿದೆಯಾ ಕೇಳಿ.

ಇನ್ನೊಂದು. ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಮನೆಗೆ ಹೇಗೆ ಬರುತ್ತಾನೆ? ಬಳ್ಳಾರಿ ರೋಡಲ್ಲಿ ನಿದ್ದೆಗಣ್ಣಲ್ಲಿ ಬೈಕ್ ಅಂತಾದರೆ, ಅದನ್ನು ಬಿಡಿಸಿ ವಾಯುವಜ್ರ ಬಸ್ ಪಾಸ್ ಮಾಡಿಸಿಕೊಡಿ.