ಹಳೆ ಗುಂಡಿ, ತಂತಿ, ಓಲೆ: ಮಾಡಿದವರು ಅನುಭವ ಹೇಳಿ

ಹಳೆ ಅಂಗಿ, ಸ್ವೆಟರು, ಕೋಟುಗಳಿಂದ ಕತ್ತರಿಸಿಟ್ಟ ಗುಂಡಿಗಳು ಒಂದು ಡಬ್ಬಿ ತುಂಬ ಇವೆ. ತಂತಿಯಲ್ಲಿ ಕಟ್ಟಿ ಓಲೆ, ಪದಕ ಮಾಡೋಣ ಅಂತ ಕೂತೆ. ಮೊದಲ ದಿನವೇ ಎರಡು ತೊಂದರೆ. ತಂತಿ ತಿರುಚುತ್ತಾ ತಿರುಚುತ್ತಾ ಪಟ್ ಅಂತ ಮುರಿಯುತ್ತದೆ. ಹೇಗೋ ಮುಗಿಸಿ ಓಲೆ ಹಾಕಿಕೊಂಡರೆ ಗುಂಡಿ ಎದುರಿಗೆ ಮುಖ ಮಾಡದೆ ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಯಾವ ತಂತಿ ತಗೊಳ್ಳಬೇಕು ಅನ್ನುವುದೂ ಸರಿಯಾಗಿ ಗೊತ್ತಿಲ್ಲ. ಮಾಡಿ ಪಳಗಿದವರು ಹೇಳಿ.

* * *

ಗುಂಡಿ ಪಕ್ಕಕ್ಕೆ ತಿರುಗುವುದು ನಿಮ್ಮ ಕೈಯ ತಪ್ಪಲ್ಲ, ಕೊಂಡಿಗಳ ಲೆಕ್ಕ. ಇದು ಹೊಳೆಯುವ ಮುಂಚೆ ನಾನು ಆರು ಜೊತೆ ಓಲೆ ಬಿಚ್ಚಿ ಕಟ್ಟಿದ್ದೇನೆ.

ಎರಡು ಉಂಗುರ ಒಂದಕ್ಕೊಂದು ಸಿಕ್ಕಿಸಿ ನೇತುಹಾಕಿ ನೋಡಿ. ಒಂದು ಎದುರಿಗಿದ್ದರೆ ಇನ್ನೊಂದು ಅಡ್ಡ ನಿಲ್ಲುತ್ತದೆ. ಸರಪಳಿಯಲ್ಲೂ ಹಾಗೇ ಅಲ್ವಾ? ಕಿವಿಯ ಕೊಕ್ಕೆ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಅದರ ತುದಿಯ ಕುಣಿಕೆಯೂ ಸಾಮಾನ್ಯವಾಗಿ ಅದೇ ದಿಕ್ಕಿಗಿರುತ್ತದೆ. ಗುಂಡಿಯ ತೂತಿನಿಂದ ಹೊರಟು ಅಂಚು ದಾಟಿ ಬರುವ ಉಂಗುರವೂ ಮುಂದಿನಿಂದ ಹಿಂದಕ್ಕೇ. ಎರಡನ್ನೂ ನೇರವಾಗಿ ಸೇರಿಸಿದರೆ ಯಾವುದಾದರೂ ಒಂದು ತಿರುಗಲೇಬೇಕು. ಕೊಕ್ಕೆಯನ್ನು ಕಿವಿ ಹಿಡಿದಿರುತ್ತದೆ, ಹಾಗಾಗಿ ಪಾಪ ಗುಂಡಿ ತಿರುಗುತ್ತದೆ.

ನಡುವೆ ಇನ್ನೊಂದು ಪುಟ್ಟ ಉಂಗುರ ಹಾಕಿ, ಅಷ್ಟೇ. ಅಥವಾ ಕೊಕ್ಕೆಯ ಕುಣಿಕೆಯನ್ನು ಇಕ್ಕಳದಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿ. ಗುಂಡಿಗೆ ಹಾಕುವ ಉಂಗುರ ಮಾತ್ರ ತೀರಾ ಚಿಕ್ಕದಾಗಬಾರದು. ತೂತಿನಿಂದ ಅಂಚಿಗೆ 4 ಮಿ.ಮೀ. ಇದ್ದರೆ ಉಂಗುರದ ಒಳಗಿನ ಅಗಲ 6 ಮಿ.ಮೀ. ಆದರೂ ಇರಲಿ. ಬಿಗಿಯಾದರೆ ಗುಂಡಿ ಆಡುವುದಿಲ್ಲ, ಒಂದು ಕಡೆ ವಾಲಿ ನಿಲ್ಲುತ್ತದೆ. ಉಂಗುರ ತೆರೆಯುವಾಗ ಬಾಯಿಯನ್ನು ಎಡಕ್ಕೂ ಬಲಕ್ಕೂ ಎಳೆದು ಅಗಲ ಮಾಡಬೇಡಿ. ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿ ನಿಮ್ಮ ಕಡೆಗೆ, ಇನ್ನೊಂದು ಆಚೆಗೆ ತಿರುಗಿಸಿ. ಮುಚ್ಚುವಾಗಲೂ ಹಾಗೇ. ಆಗ ದುಂಡಗೇ ಉಳಿಯುತ್ತದೆ.

* * *

ತಂತಿ ಮುರಿಯುವ ವಿಷಯ ನಾನು ಹೇಳುತ್ತೇನೆ. ತಾಮ್ರದ ತಂತಿ ಬಗ್ಗಿಸಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಒಂದೇ ಜಾಗದಲ್ಲಿ ನಾಲ್ಕೈದು ಸಲ ಬಗ್ಗಿಸಿ ನೆಟ್ಟಗೆ ಮಾಡಿದರೆ ಅಲ್ಲೇ ತುಂಡಾಗುತ್ತದೆ. ಹೊಸಬರು "ಇನ್ನೊಂದು ಸುತ್ತು ಬಿಗಿ ಮಾಡೋಣ" ಅಂತ ತಿರುಚುತ್ತಾರಲ್ಲ, ಆ ಕೊನೆಯ ಸುತ್ತೇ ಕೈಕೊಡುವುದು. ಸುತ್ತು ತಪ್ಪಿತೋ, ಬಿಚ್ಚಿ ಅದೇ ತಂತಿಯನ್ನು ಮತ್ತೆ ಬಳಸಬೇಡಿ. ಹೊಸ ತುಂಡು ತಗೊಳ್ಳಿ. ಗಟ್ಟಿಯಾದ ಬರೀ ತಾಮ್ರವನ್ನು ಮಂದ ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ, ಆದರೆ ಗುಂಡಿ ಕಟ್ಟಿದ ಮೇಲೆ ಆ ಸಾಹಸ ಬೇಡವೇ ಬೇಡ.

ತಂತಿಯ ದಪ್ಪ ಹೇಳುವ ಗೇಜ್ ಸಂಖ್ಯೆ ಜಾಸ್ತಿಯಾದಷ್ಟೂ ತಂತಿ ತೆಳುವಾಗುತ್ತದೆ. ನಾನು ಇದನ್ನು ಉಲ್ಟಾ ತಿಳಿದುಕೊಂಡು ಒಂದು ಸುರುಳಿ ದಂಡ ಮಾಡಿದೆ. 20 ಗೇಜ್ ಅಂದರೆ ಸುಮಾರು 0.8 ಮಿ.ಮೀ., ಉಂಗುರಕ್ಕೆ, ಚೌಕಟ್ಟಿಗೆ ಸರಿ. 24 ಗೇಜ್ ಸುಮಾರು 0.5 ಮಿ.ಮೀ., ಗುಂಡಿ ಕಟ್ಟಲಿಕ್ಕೆ ಇದೇ ಸಾಕು. 28 ಗೇಜ್ ದಾರದ ಹಾಗೆ, ಸುತ್ತಿ ಅಲಂಕಾರ ಮಾಡಲು ಮಾತ್ರ, ಭಾರ ಹೊರಿಸಬೇಡಿ. ಶುರುವಿನಲ್ಲಿ ಅಗ್ಗದ ತಾಮ್ರದಲ್ಲೇ ಕೈ ಪಳಗಿಸಿ. ಹಿತ್ತಾಳೆ ನೋಡಲು ಚೆಂದ, ಬೆರಳಿಗೆ ಗಟ್ಟಿ.

ಪದಕ ಮಾಡುವ ನನ್ನ ರೀತಿ ಇದು. 24 ಗೇಜಿನ ತಂತಿ ಒಂದು ಮೊಳದಷ್ಟು ಕತ್ತರಿಸಿ, ನಡುವಿಗೆ ಬಗ್ಗಿಸುತ್ತೇನೆ. ನಾಲ್ಕು ತೂತಿನ ಗುಂಡಿಯಾದರೆ ಎರಡು ತುದಿಯನ್ನೂ ಹಿಂದಿನಿಂದ ಮೇಲಿನ ಎರಡು ತೂತಿಗೆ ತೂರಿಸಿ, ಎದುರಿಗೆ ಗುಣಾಕಾರದ ಗುರುತಿನಂತೆ ಅಡ್ಡ ದಾಟಿಸಿ, ಕೆಳಗಿನ ತೂತುಗಳಿಂದ ಹಿಂದಕ್ಕೆ ಕಳಿಸುತ್ತೇನೆ. ಹಿಂದೆ ಎರಡನ್ನೂ ಮೇಲಕ್ಕೆ ತಂದು, ಅಂಚಿನ ಮೇಲೆ ಎರಡೇ ಎರಡು ಸಲ ತಿರುಚುತ್ತೇನೆ. ಒಂದು ತುದಿಯನ್ನು ದುಂಡು ಮೂತಿಯ ಇಕ್ಕಳಕ್ಕೆ ಸುತ್ತಿದರೆ ಕುಣಿಕೆ. ಇನ್ನೊಂದು ತುದಿಯನ್ನು ಆ ಕುಣಿಕೆಯ ಕತ್ತಿಗೆ ಮೂರು ಸುತ್ತು ಸುತ್ತಿ ಕತ್ತರಿಸುತ್ತೇನೆ. ಕತ್ತರಿಸುವಾಗ ತುಂಡಿನ ಮೇಲೆ ಬೆರಳು ಇಟ್ಟಿರಿ. ಇಲ್ಲದಿದ್ದರೆ ಹಾರಿ ನೇರ ಕಣ್ಣಿಗೇ ಬರುತ್ತದೆ. ಉಳಿದ ಮೊನೆಯನ್ನು ಇಕ್ಕಳದಲ್ಲಿ ಒಳಕ್ಕೆ ಒತ್ತಿ, ಅದರ ಮೇಲೆ ಬೆರಳು ಸವರಿ ನೋಡಿ. ಬೆರಳಿಗೆ ತಾಗಿದರೆ ಸ್ವೆಟರಿಗೂ ತಾಗುತ್ತದೆ.

* * *

ಗುಂಡಿಯ ಬಗ್ಗೆ ಯಾರೂ ಹೇಳಲಿಲ್ಲ. ಹಳೆಯದಾದರೆ ಅದು ಯಾವುದರಿಂದ ಮಾಡಿದ್ದು ಅಂತ ನೋಡಿ ಕೈ ಹಾಕಿ. ಚಿಪ್ಪಿನ ಗುಂಡಿ ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಅಷ್ಟು ತಣ್ಣಗಿರುವುದಿಲ್ಲ. ಚಿಪ್ಪಿನ ಗುಂಡಿಯನ್ನು ಹೊಳಪು ಬರಲಿ ಅಂತ ವಿನೆಗರಿನಲ್ಲಿ ನೆನೆಸಬೇಡಿ, ಹುಳಿ ಚಿಪ್ಪನ್ನೇ ತಿನ್ನುತ್ತದೆ. ನನ್ನ ನಾಲ್ಕು ಒಳ್ಳೆ ಗುಂಡಿ ಹೀಗೇ ಮಂಕಾಗಿ ಹೋದವು. ಮರದ ಗುಂಡಿಯನ್ನು ನೀರಿನಲ್ಲಿ ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಉಳಿದದ್ದಕ್ಕೆ ಸೋಪಿನ ನೀರು, ಹಳೆ ಟೂತ್‌ಬ್ರಷ್.

ಕೆಲವರು ಕಾದ ಸೂಜಿ ಚುಚ್ಚಿ ಪ್ಲಾಸ್ಟಿಕ್ಕೋ ಅಲ್ಲವೋ ನೋಡು ಅನ್ನುತ್ತಾರೆ. ಮಾಡಬೇಡಿ. ಹಳೆ ಗುಂಡಿಗಳಲ್ಲಿ ಸೆಲ್ಯುಲಾಯ್ಡ್ (ಹಳೆ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಇದ್ದರೆ ಅದು ಭಗ್ ಅಂತ ಹೊತ್ತಿಕೊಳ್ಳುತ್ತದೆ. ಬೆರಳಲ್ಲಿ ಉಜ್ಜಿ ಬೆಚ್ಚಗಾದಾಗ ಕರ್ಪೂರದ ವಾಸನೆ ಬಂದರೆ ಅದೇ ಇರಬಹುದು, ಬೆಂಕಿಯಿಂದ ದೂರ ಇಡಿ. ಚಿಪ್ಪಿಗೆ ಹೊಸ ತೂತು ಕೊರೆಯುವುದಾದರೆ ನೀರು ಹಾಕಿಕೊಂಡೇ ಕೊರೆಯಿರಿ, ಮಾಸ್ಕ್ ಹಾಕಿ. ಆ ಪುಡಿ ಮೂಗಿಗೆ ಹೋಗಬಾರದು.

* * *

ಕಿವಿಯೊಳಗೆ ಹೋಗುವ ಕೊಕ್ಕೆಯನ್ನು ಮಾತ್ರ ತಾಮ್ರದಲ್ಲಿ ಮಾಡಬೇಡಿ. ಟೈಟಾನಿಯಂ ಅಥವಾ ಬೆಳ್ಳಿಯದನ್ನು ಕೊಂಡುಬಿಡಿ. ಅಗ್ಗದ ಕೊಕ್ಕೆಯಲ್ಲಿ ನಿಕಲ್ ಲೋಹ ಬೆರೆತಿರಬಹುದು, ಅದು ಆಗದವರ ಕಿವಿ ಎರಡೇ ದಿನದಲ್ಲಿ ಕೆರೆಯಲು ಶುರುವಾಗುತ್ತದೆ. ನನ್ನದು ಆ ಜಾತಿ ಕಿವಿ.

* * *

ನನ್ನದೊಂದು ತಕರಾರು. ಎಲ್ಲರೂ ಗುಂಡಿಯ ಬಳೆಯನ್ನೂ ತಂತಿಯಲ್ಲೇ ಹೆಣೆಯುತ್ತಾರೆ. ಕೈ ಆಡಿದಂತೆಲ್ಲ ತಂತಿ ಬಗ್ಗುತ್ತದೆ, ಮೇಲೆ ಹೇಳಿದ ಹಾಗೆ ಗಟ್ಟಿಯಾಗಿ ಮುರಿಯುತ್ತದೆ. ಗುಂಡಿಯಿಂದ ಗುಂಡಿಗೆ ಬಿಡಿ ಉಂಗುರ ಹಾಕಿ ಜೋಡಿಸಿ, ಸುಮ್ನೆ ಆಡಿಕೊಂಡಿರುತ್ತದೆ. ಬೆನ್ನಲ್ಲಿ ಕೊಂಡಿ ಇರುವ ಕೋಟಿನ ಗುಂಡಿಗಳನ್ನು ಬೆರಳಿನ ಉಂಗುರಕ್ಕೆ ಎತ್ತಿಡಿ. ಓಲೆಗೆ ಕಟ್ಟಿದರೆ ಮುಖ ನೆಲ ನೋಡುತ್ತದೆ.

* * *

ಕೇಳಿದವಳು ನಾನೇ. ನಿನ್ನೆ ರಾತ್ರಿ ಕೂತು ಒಂದು ಜೊತೆ ಮುಗಿಸಿದೆ. ಕಪ್ಪು ಕೋಟಿನ ಗುಂಡಿ, ನಾಲ್ಕು ತೂತು. ಒಂದರಲ್ಲಿ ಹಳೆ ನೂಲಿನ ಎಳೆ ಇನ್ನೂ ಸಿಕ್ಕಿಕೊಂಡಿತ್ತು, ಸೂಜಿಯಲ್ಲಿ ಕಿತ್ತು ತೆಗೆಯಬೇಕಾಯಿತು. ನಡುವೆ ಪುಟ್ಟ ಉಂಗುರ ಹಾಕಿದ ಕೂಡಲೇ ಎರಡೂ ಎದುರಿಗೆ ಮುಖ ಮಾಡಿದವು! ಒಂದು ಓಲೆ ಇನ್ನೊಂದಕ್ಕಿಂತ ಸ್ವಲ್ಪ ಉದ್ದ ಬಂದಿದೆ. ಎರಡು ಕಿವಿಯನ್ನು ಒಟ್ಟಿಗೆ ಯಾರು ನೋಡುತ್ತಾರೆ ಅಂತ ಹಾಗೇ ಬಿಟ್ಟೆ.