ಹದಿಮೂರರ ಈಜುಗಾರ್ತಿಯನ್ನು ಎರಡು ಹೊತ್ತಿನ ತರಬೇತಿಗೆ ಹಾಕಬೇಕಾ?

ಪ್ರಶ್ನೆ

ಮಗಳಿಗೆ 13 ತುಂಬಿದೆ. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತನ್ನ ವಯೋಗುಂಪಿಗೆ ಸದ್ಯ ಅವಳೇ ಮೊದಲು. "ಚಾಂಪಿಯನ್ ಆಗೋ ಹುಡುಗಿ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕಳಿಸಿ, ದೂರ ದುಪ್ಪಟ್ಟು ಮಾಡೋಣ" ಅಂತಾರೆ ಕೋಚ್. ಆದರೆ ಆರು ತಿಂಗಳಿಂದ ಟೈಮಿಂಗ್ ಒಂದು ಚೂರೂ ಇಳಿದಿಲ್ಲ. ಬಲಭುಜ ಬೇರೆ ಆಗಾಗ ನೋಯುತ್ತೆ ಅಂತಾಳೆ. ಚಾಂಪಿಯನ್ ಆದವರ ಹಾದಿ ನಿಜಕ್ಕೂ ಹೇಗಿರುತ್ತೆ? ಈ ವಯಸ್ಸಲ್ಲಿ ಏನು ಮಾಡಬೇಕು, ಏನು ಬಿಡಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ವಯೋಗುಂಪಿನ ಮಕ್ಕಳಿಗೆ ಕೋಚಿಂಗ್ ಕೊಡುವವರು

ಮೊದಲು ಭುಜ, ಮಿಕ್ಕಿದ್ದೆಲ್ಲ ಆಮೇಲೆ. ನೋಯುವ ಭುಜದ ಮೇಲೆ ದೂರ ದುಪ್ಪಟ್ಟು ಮಾಡೋದಕ್ಕೆ ಖಂಡಿತ ಒಪ್ಪಬೇಡಿ. ಲೆಕ್ಕ ಹಾಕಿ ನೋಡಿ: 50 ಮೀಟರಿಗೆ 40 ಸ್ಟ್ರೋಕ್ (ಕೈ ಬೀಸು) ಅಂದರೆ 5,000 ಮೀಟರಿನ ಒಂದು ಸೆಷನ್‌ಗೆ 4,000 ಸ್ಟ್ರೋಕ್, ಒಂದೊಂದು ಭುಜಕ್ಕೆ 2,000. ವಾರಕ್ಕೆ ಆರು ಸೆಷನ್ ಆದರೆ 12,000. ಕೈ ನೀರಿಗಿಳಿಯುವಾಗ ಆಗುವ ಸಣ್ಣ ತಪ್ಪು ಕೂಡ ವಾರಕ್ಕೆ 12,000 ಸಲ ಅದೇ ಜಾಗವನ್ನು ಉಜ್ಜುತ್ತೆ.

ಟೈಮಿಂಗ್ ನಿಂತಿದ್ದಕ್ಕೆ ಗಾಬರಿ ಬೇಡ. 12ರಿಂದ 15ರ ನಡುವೆ ಹೆಣ್ಣುಮಕ್ಕಳ ಮೈಕಟ್ಟು ಬೇಗ ಬದಲಾಗುತ್ತೆ. ಕೈಕಾಲು ನೀಳವಾಗುತ್ತೆ, ಸೊಂಟ ಅಗಲವಾಗುತ್ತೆ, ನೀರಲ್ಲಿ ಮೈ ತೇಲುವ ರೀತಿಯೇ ಬೇರೆಯಾಗುತ್ತೆ. ಎಂಟನೇ ವಯಸ್ಸಲ್ಲಿ ಕಲಿತ ಸ್ಟ್ರೋಕ್ ಈಗಿನ ಮೈಗೆ ಹೊಂದಲ್ಲ, ಅದನ್ನು ಮತ್ತೆ ಕೂರಿಸಬೇಕು. ತಿಂಗಳಿಗೊಂದು ದಿನ ಎತ್ತರ ಅಳೆದು ಬರೆದಿಡಿ. ಎತ್ತರ ಏರ್ತಾ ಇದ್ದು ಟೈಮಿಂಗ್ ನಿಂತಿದ್ದರೆ ಅದು ಸೋಲಲ್ಲ. ಆ ತಿಂಗಳುಗಳನ್ನು ಸ್ಟ್ರೋಕ್ ತಿದ್ದೋದಕ್ಕೆ ಬಳಸಿಕೊಳ್ಳಿ.

ದೊಡ್ಡವರ ಹಾದಿ ಅಂದಕೂಡಲೇ ಎಲ್ಲರೂ ಹೇಳೋದು ಎರಡು ಹೆಸರು. ಮೈಕೆಲ್ ಫೆಲ್ಪ್ಸ್ 2000ದ ಸಿಡ್ನಿ ಒಲಿಂಪಿಕ್ಸ್‌ಗೆ 15ನೇ ವಯಸ್ಸಲ್ಲೇ ಹೋದರು. ಕೇಟಿ ಲೆಡೆಕಿ 2012ರಲ್ಲಿ 15ನೇ ವಯಸ್ಸಲ್ಲೇ 800 ಮೀಟರ್ ಚಿನ್ನ ಗೆದ್ದರು. ಎರಡೂ ನಿಜ. ಆದರೆ ಹದಿಮೂರರ ಮಗುವಿಗೆ ಅದನ್ನು ಅಳತೆಗೋಲು ಮಾಡಬಾರದು. ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಸ್ವೀಡನ್ನಿನ ಸಾರಾ ಶೋಸ್ಟ್ರೋಮ್ ಹಾದಿ. 2008ರಲ್ಲಿ 14ನೇ ವಯಸ್ಸಲ್ಲೇ 100 ಮೀಟರ್ ಬಟರ್‌ಫ್ಲೈನಲ್ಲಿ ಯುರೋಪಿಯನ್ ಚಾಂಪಿಯನ್. 2012ರ ಲಂಡನ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ನಾಲ್ಕನೇ ಸ್ಥಾನ, ಪದಕ ಇಲ್ಲ. ಅದೇ ಸ್ಪರ್ಧೆಯ ಒಲಿಂಪಿಕ್ ಚಿನ್ನ ಬಂದದ್ದು 2016ರಲ್ಲಿ. 2024ರ ಪ್ಯಾರಿಸ್‌ನಲ್ಲಿ, 30ನೇ ವಯಸ್ಸಲ್ಲಿ, 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡೂ ಚಿನ್ನ. ಹದಿನಾರು ವರ್ಷ ಅದೇ ಭುಜಗಳು ಬಾಳಿಕೆ ಬಂದವು ಅನ್ನೋದನ್ನು ಗಮನಿಸಿ.

ಎರಡು ಹೊತ್ತು ಮಾಡಲೇಬಾರದು ಅಂತಲ್ಲ. ಭುಜ ಸರಿಹೋದ ಮೇಲೆ, ಒಂದು ಸಲಕ್ಕೆ ಒಂದೇ ಬದಲಾವಣೆ. ವಾರಕ್ಕೆ 24 ಕಿಲೋಮೀಟರ್ ಆಗ್ತಿದ್ದರೆ ಮೊದಲ ನಾಲ್ಕು ವಾರ ಅಷ್ಟೇ ಇರಲಿ, ಅದನ್ನು ಆರು ಸೆಷನ್ ಬದಲು ಏಳಕ್ಕೆ ಹಂಚಿ. ಬೆಳಗಿನದು ಚಿಕ್ಕದು, ಬರೀ ಟೆಕ್ನಿಕ್. ಅದು ಒಗ್ಗಿತು ಅನ್ನಿಸಿದ ಮೇಲೆ ವಾರಕ್ಕೆ ಒಂದೆರಡು ಕಿಲೋಮೀಟರ್ ಸೇರಿಸಿ, ನಾಲ್ಕನೇ ವಾರ ಮತ್ತೆ ಇಳಿಸಿ. ಬೆಳಗಿನ ಸೆಷನ್‌ಗೋಸ್ಕರ ನಿದ್ದೆ ಎಂಟು ಗಂಟೆಗಿಂತ ಕಮ್ಮಿ ಆಗೋದಾದರೆ ಆ ಸೆಷನ್‌ನಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಇನ್ನೊಂದು ಮಾತು, 15-16ರವರೆಗೆ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ನಾಲ್ಕೂ ಶೈಲಿ ಈಜಲಿ. ಬರೀ 200 ಫ್ರೀಸ್ಟೈಲ್‌ಗೆ ಕಟ್ಟಿಹಾಕಬೇಡಿ. ವರ್ಷಕ್ಕೆ ಒಂದೆರಡು ಸಲ ನಾಲ್ಕೂ ಶೈಲಿಯನ್ನು ಒಂದೇ ಸ್ಪರ್ಧೆಯಲ್ಲಿ ಈಜುವ 200 ಮತ್ತು 400 ಮೆಡ್ಲೆಗೂ ಇಳಿಸಿ.

ಫಿಸಿಯೋಥೆರಪಿ ಗೊತ್ತಿರುವವರು

ಭುಜದ ಬಗ್ಗೆ ಮೂರು ವಿಷಯ ಹೇಳಿದರೆ ಉತ್ತರ ಸುಲಭ: ಪ್ಯಾಡಲ್ (ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ಹಲಗೆ) ಹಾಕ್ತಾಳಾ, ಎಷ್ಟು ಮೀಟರ್? ಉಸಿರು ಯಾವ ಕಡೆ ತಗೋತಾಳೆ? ಕೈ ನೀರಿಗಿಳಿಯುವಾಗ ಮೊದಲು ತಾಗೋದು ಹೆಬ್ಬೆರಳಾ, ನಡುಬೆರಳಾ?

ಪ್ರಶ್ನೆ ಕೇಳಿದವರು

ಮೂರು ತಿಂಗಳಿಂದ ದಿನಾ 800 ಮೀಟರ್ ಪ್ಯಾಡಲ್ ಹಾಕಿ ಈಜ್ತಾಳೆ, ದೊಡ್ಡ ಸೈಜು. ಉಸಿರು ಯಾವಾಗಲೂ ಎಡಕ್ಕೇ. ನಿನ್ನೆ ಫೋನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ನೋಡಿದೆ, ಹೆಬ್ಬೆರಳೇ ಮೊದಲು ಇಳಿಯುತ್ತೆ.

ಫಿಸಿಯೋಥೆರಪಿ ಗೊತ್ತಿರುವವರು

ಹಾಗಾದರೆ ಕಾರಣ ಬಹುಪಾಲು ಇಲ್ಲೇ ಇದೆ. ಎಡಕ್ಕೆ ಮಾತ್ರ ಉಸಿರು ತಗೊಳ್ಳುವವರ ಮೈ ಎಡಕ್ಕೆ ಚೆನ್ನಾಗಿ ಹೊರಳುತ್ತೆ, ಆಗ ಎಡಗೈ ಸಲೀಸಾಗಿ ಮೇಲೆ ಬರುತ್ತೆ. ಬಲಕ್ಕೆ ಮೈ ಅಷ್ಟಾಗಿ ಹೊರಳಲ್ಲ. ಹಾಗಾಗಿ ಬಲಗೈಯನ್ನು ಭುಜದ ಬಲದಿಂದಲೇ ಎತ್ತಿ, ಅಗಲವಾಗಿ ಬೀಸಿ ಮುಂದೆ ತರಬೇಕಾಗುತ್ತೆ. ಅದರ ಜೊತೆಗೆ ಹೆಬ್ಬೆರಳು ಮೊದಲು ಇಳಿದರೆ ತೋಳು ಒಳಕ್ಕೆ ತಿರುಚಿಕೊಂಡಿರುತ್ತೆ, ಭುಜದ ಮೇಲ್ಭಾಗದ ಸ್ನಾಯುರಜ್ಜು ಮೂಳೆಗಳ ನಡುವೆ ಒತ್ತುತ್ತೆ. ದೊಡ್ಡ ಪ್ಯಾಡಲ್ ಆ ಒತ್ತಡವನ್ನು ಇನ್ನೂ ಜಾಸ್ತಿ ಮಾಡುತ್ತೆ.

ಹೀಗೆ ಮಾಡಿ. ಪ್ಯಾಡಲ್ ಆರು ವಾರ ಬೇಡವೇ ಬೇಡ. ಕಿಕ್‌ಬೋರ್ಡ್ ಹಿಡಿದು ಕೈ ಮುಂದೆ ಚಾಚೋದೂ ಬೇಡ, ಆ ಭಂಗಿಯಲ್ಲೂ ಅದೇ ಜಾಗ ಒತ್ತುತ್ತೆ. ಮುಂಭಾಗದ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿ, ಕೈ ಪಕ್ಕಕ್ಕಿಟ್ಟು ಕಿಕ್ ಮಾಡಲಿ. ಪ್ರತಿ ಮೂರು ಸ್ಟ್ರೋಕಿಗೊಮ್ಮೆ ಉಸಿರು, ಒಂದು ಸಲ ಎಡ, ಒಂದು ಸಲ ಬಲ. ಅದು ತೀರಾ ಕಷ್ಟ ಆದರೆ ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ. ಕೈ ನಡುಬೆರಳಿನಿಂದ ಇಳಿಯಬೇಕು, ಭುಜದ ನೇರಕ್ಕೆ, ತಲೆಯ ನಡುಗೆರೆ ದಾಟದಂತೆ.

ನೆಲದ ಮೇಲೆ ವಾರಕ್ಕೆ ಮೂರು ದಿನ ರಬ್ಬರ್ ಬ್ಯಾಂಡ್: ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸೋದು 15ರಂತೆ 3 ಸಲ, ಬ್ಯಾಂಡನ್ನು ಎದೆಯ ಕಡೆಗೆ ಎಳೆದು ಬೆನ್ನಿನ ಮೇಲಿನ ಎರಡು ಹೆಗಲ ಮೂಳೆಗಳನ್ನು ಹತ್ತಿರ ತರೋದು 15ರಂತೆ 3 ಸಲ. ಬ್ಯಾಂಡ್ ಸಡಿಲದ್ದಿರಲಿ, ಕೊನೆಯ ಐದು ಸಲ ಮಾತ್ರ ದಣಿವು ಗೊತ್ತಾಗಬೇಕು. ಇನ್ನೊಬ್ಬರು ಹಿಂದಿನಿಂದ ಎರಡೂ ಕೈ ಹಿಡಿದು ಎಳೆದು ಸ್ಟ್ರೆಚ್ ಮಾಡಿಸುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಈಜುವವರ ಭುಜ ಮೊದಲೇ ಸಡಿಲ, ಅದಕ್ಕೆ ಬೇಕಾದ್ದು ಹಿಡಿತ.

ರಾತ್ರಿ ಮಲಗಿದಾಗ ನೋವು ಬಂದರೆ, ಮಾರನೇ ಬೆಳಿಗ್ಗೆಯೂ ಉಳಿದರೆ, ಕೈ ಜುಮುಗುಟ್ಟಿದರೆ ಈಜು ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿಸಿ ನೀರಿಗಿಳಿಸೋದು ಮಾತ್ರ ಬೇಡ.

ಹೆಣ್ಣುಮಗು ಆದ್ದರಿಂದ ಇದನ್ನೂ ಹೇಳಲೇಬೇಕು. ತರಬೇತಿ ಜಾಸ್ತಿಯಾಗಿ ಊಟ ಅಷ್ಟೇ ಇದ್ದರೆ ದೇಹ ಮೊದಲು ಕಡಿತ ಮಾಡೋದು ಮುಟ್ಟು ಮತ್ತು ಮೂಳೆ ಬೆಳವಣಿಗೆಯನ್ನು. ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ ಅಥವಾ 15 ತುಂಬಿದರೂ ಶುರುವಾಗದಿದ್ದರೆ "ಈಜುವವರಿಗೆ ಇದೆಲ್ಲ ಮಾಮೂಲು" ಅನ್ನುವ ಮಾತು ಕೇಳಬೇಡಿ, ಅದು ಮಾಮೂಲಲ್ಲ. ಎಂದಿನ ಸೆಟ್ (ಒಂದು ಸರಣಿ ಈಜು) ಏಕಾಏಕಿ ಭಾರ ಅನ್ನಿಸಿದರೆ ರಕ್ತದಲ್ಲಿ ಕಬ್ಬಿಣಾಂಶ ನೋಡಿಸಿ, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಅಂಶ) ಕೂಡ. ಅವಳ ಎದುರಿಗೆ ತೂಕದ ಮಾತು ಯಾರೂ ಆಡಬಾರದು, ಕೋಚ್ ಸಹ.

ಸ್ಟ್ರೋಕ್, ಟರ್ನ್ ತಿದ್ದುವವರು

ದೂರ ಏರಿಸದೆ ಟೈಮಿಂಗ್ ಇಳಿಸುವ ದಾರಿ ಇರೋದು ಗೋಡೆಯ ಹತ್ತಿರ. ಸ್ಟಾರ್ಟ್ ಮತ್ತು ಪ್ರತಿ ಟರ್ನ್ ಆದಮೇಲೆ ಫ್ರೀಸ್ಟೈಲ್‌ನಲ್ಲಿ 15 ಮೀಟರ್‌ವರೆಗೆ ನೀರಿನೊಳಗೇ ಹೋಗಬಹುದು, ಅಷ್ಟರಲ್ಲಿ ತಲೆ ಮೇಲೆ ಬರಬೇಕು. 50 ಮೀಟರ್ ಕೊಳದಲ್ಲಿ 200 ಅಂದರೆ ಒಂದು ಸ್ಟಾರ್ಟ್, ಮೂರು ಟರ್ನ್. 25ರ ಕೊಳದಲ್ಲಿ ಏಳು ಟರ್ನ್. ಒಂದೊಂದರಲ್ಲಿ ಸೆಕೆಂಡಿನ ಹತ್ತನೇ ಮೂರಂಶ ಉಳಿದರೂ ಏಳಕ್ಕೆ ಎರಡು ಸೆಕೆಂಡ್ ಹೆಚ್ಚುಕಮ್ಮಿ ಆಯ್ತು.

ಈ ವಯಸ್ಸಿಗೆ 15 ಮೀಟರ್ ಬೇಡ. ಪ್ರತಿ ಗೋಡೆಯಿಂದ ನಾಲ್ಕೈದು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒದೆಯೋದು), 7-8 ಮೀಟರ್ ಸಾಕು, ಆದರೆ ತಪ್ಪದೆ, ಸೆಷನ್ನಿನ ಕೊನೆಯ 100ರಲ್ಲೂ. ತಪ್ಪು ಆಗೋದು ಇಲ್ಲೇ: ದಣಿದಾಗ ಎರಡೇ ಕಿಕ್ಕಿಗೆ ಮೇಲೆದ್ದು, ಮೊದಲ ಸ್ಟ್ರೋಕಲ್ಲೇ ಉಸಿರಿಗೆ ತಲೆ ಎತ್ತಿಬಿಡ್ತಾರೆ. ತಲೆ ಎದ್ದರೆ ಸೊಂಟ ಮುಳುಗುತ್ತೆ, ಗೋಡೆ ಒದ್ದು ಗಳಿಸಿದ ವೇಗ ಅಲ್ಲೇ ಹೋಯ್ತು. ಮೇಲೆ ಬಂದಮೇಲೆ ಎರಡು ಸ್ಟ್ರೋಕ್ ಉಸಿರಿಲ್ಲದೆ, ಮೂರನೆಯದಕ್ಕೆ ಉಸಿರು. ಆದರೆ ನೀರಿನೊಳಗೆ ಉಸಿರು ಕಟ್ಟಿ ಎಷ್ಟು ದೂರ ಹೋಗ್ತೀಯ ಅನ್ನೋ ಪಂದ್ಯ ಮಾತ್ರ ಯಾವತ್ತೂ ಕಟ್ಟಿಸಬೇಡಿ. ನೀರಲ್ಲೇ ಪ್ರಜ್ಞೆ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಕೊನೆಯ ಐದು ಮೀಟರ್ ಬೇರೆಯೇ ಅಭ್ಯಾಸ. 2008ರ ಬೀಜಿಂಗ್, 100 ಮೀಟರ್ ಬಟರ್‌ಫ್ಲೈ ಫೈನಲ್ ನೀರಿನೊಳಗಿನ ಕ್ಯಾಮೆರಾದಲ್ಲಿ ನೋಡಿ. ಮುಂದಿದ್ದ ಸರ್ಬಿಯಾದ ಮಿಲೊರಾಡ್ ಚಾವಿಚ್ ಕೈ ಚಾಚಿ ಗೋಡೆಯ ಕಡೆ ಜಾರುತ್ತಾ ಬಂದರು. ಹಿಂದಿದ್ದ ಫೆಲ್ಪ್ಸ್ ಇನ್ನೊಂದು ಅರ್ಧ ಸ್ಟ್ರೋಕ್ ಹೊಡೆದು ಗೋಡೆಯ ಮೇಲಿನ, ಸಮಯ ದಾಖಲಿಸುವ ಟಚ್‌ಪ್ಯಾಡನ್ನು ಗುದ್ದಿದರು. 50.58, 50.59. ಮುಟ್ಟಿದರೆ ಸಾಲದು, ಪ್ಯಾಡ್ ಒತ್ತಬೇಕು. ಫ್ರೀಸ್ಟೈಲ್‌ನಲ್ಲಿ ಕೊನೆಯ ಐದು ಮೀಟರ್ ಉಸಿರಿಲ್ಲ, ಮುಖ ಕೆಳಗೆ, ಬೆರಳತುದಿ ಪ್ಯಾಡಿನೊಳಗೆ ಇಳಿಯುವಂತೆ. ತರಬೇತಿಯಲ್ಲಿ ಕೊನೆಯ ಲ್ಯಾಪನ್ನು ಹಗ್ಗ ಹಿಡಿದು ಮುಗಿಸುವ ಮಕ್ಕಳಿಗೆ ಪಂದ್ಯದಲ್ಲಿ ಇದು ಕೈಗೆ ಬರಲ್ಲ.

ಸ್ಟ್ರೋಕ್ ಎಣಿಕೆ ದಿನಾ ಇರಲಿ. ಅದೇ ಬೀಜಿಂಗಿನಲ್ಲಿ 200 ಬಟರ್‌ಫ್ಲೈ ಫೈನಲ್‌ನಲ್ಲಿ ಗಾಗಲ್ಸ್ ತುಂಬ ನೀರು ಹೊಕ್ಕು ಫೆಲ್ಪ್ಸ್‌ಗೆ ಗೋಡೆ ಕಾಣ್ತಿರಲಿಲ್ಲ. ಸ್ಟ್ರೋಕ್ ಎಣಿಸಿಕೊಂಡೇ ಈಜಿ 1:52.03ರ ವಿಶ್ವದಾಖಲೆ ಬರೆದರು. ನಿಮ್ಮ ಮಗಳಿಗೆ ಹೀಗೆ: 6 ಸಲ 50 ಮೀಟರ್, ಪ್ರತಿ ಸಲ ಸೆಕೆಂಡ್ ಮತ್ತು ಸ್ಟ್ರೋಕ್ ಕೂಡಿಸಿ. 36 ಸೆಕೆಂಡ್, 42 ಸ್ಟ್ರೋಕ್ ಅಂದರೆ 78. ವೇಗ ಬಿಡದೆ ಈ ಮೊತ್ತ ಇಳಿಸಬೇಕು. ಬರೀ ಜಾರಿ ಜಾರಿ ಸ್ಟ್ರೋಕ್ ಕಮ್ಮಿ ಮಾಡಿದರೆ ಸೆಕೆಂಡ್ ಏರಿ ಮೊತ್ತವೇ ಹೇಳಿಬಿಡುತ್ತೆ.

ದೂರದ ಈಜಿಗೆ ತಯಾರು ಮಾಡುವವರು

ಮೇಲಿನವರು ಹೇಳಿದ್ದು ಒಪ್ಪುವೆ, ಆದರೆ ದೂರವೇ ಕೆಟ್ಟದ್ದು ಅನ್ನುವ ಅರ್ಥ ಬರಬಾರದು. 200 ಮೀಟರ್ ಎರಡು ನಿಮಿಷದ ಆಚೀಚಿನ ಸ್ಪರ್ಧೆ, ಅದರ ಬುನಾದಿ ಉಸಿರಿನ ಸಾಮರ್ಥ್ಯವೇ. ತಪ್ಪಾಗೋದು ವೇಗದ ಗುರಿ ಇಲ್ಲದ ದೂರದಿಂದ. ಗುರಿ ಹಿಡಿಯೋದು ಸುಲಭ: ಒಂದೇ ದಿನ, ನಡುವೆ ಪೂರ್ತಿ ವಿಶ್ರಾಂತಿ ಕೊಟ್ಟು, 400 ಮತ್ತು 200 ಮೀಟರ್ ಜೋರಾಗಿ ಈಜಿಸಿ. ಉದಾಹರಣೆಗೆ 400ಕ್ಕೆ 4:48, 200ಕ್ಕೆ 2:18 ಬಂತು ಅನ್ನಿ. ವ್ಯತ್ಯಾಸ 150 ಸೆಕೆಂಡ್. ಅದರ ಅರ್ಧ 75, ಅಂದರೆ 100 ಮೀಟರಿಗೆ 1:15. ಇದು ಹೆಚ್ಚುಕಮ್ಮಿ ಅವಳು ತುಂಬ ಹೊತ್ತು ಹಿಡಿದಿಡಬಲ್ಲ ವೇಗ. ಈ ವೇಗದಲ್ಲಿ 12 ಸಲ 100, ನಡುವೆ 15 ಸೆಕೆಂಡ್ ಬಿಡುವು, ವಾರಕ್ಕೆ ಎರಡು ದಿನ. ಮೊದಲ ಮೂರು 1:11ಕ್ಕೆ ಹೊಡೆದು ಕೊನೆಯವು 1:20ಕ್ಕೆ ಬಂದರೆ ಆ ಸೆಟ್ಟಿನಿಂದ ಉಪಯೋಗ ಇಲ್ಲ, ಹನ್ನೆರಡೂ ಒಂದೇ ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಇನ್ನೊಂದು ದಿನ 200ರ ಪಂದ್ಯದ ವೇಗದಲ್ಲೇ 16 ಸಲ 25. ಮಿಕ್ಕ ದೂರ ಹಗುರವಾಗಿ. ಹಗುರ ಅಂದರೆ ಹಗುರವೇ, ಪಕ್ಕದ ಲೇನಿನವರ ಜೊತೆ ಜಿದ್ದಿಗೆ ಬೀಳದೆ.

ದೊಡ್ಡ ಪಂದ್ಯಕ್ಕೆ ಮುಂಚೆ ಟೇಪರ್: ಕೊನೆಯ ಎರಡು ವಾರ ದೂರವನ್ನು ಮೆಲ್ಲಗೆ ಅರ್ಧಕ್ಕೆ ಇಳಿಸಬೇಕು, ವೇಗದ ಸೆಟ್‌ಗಳನ್ನು ಪೂರ್ತಿ ಬಿಡಬಾರದು. ವೇಗವನ್ನೂ ಬಿಟ್ಟರೆ ಮೈ ಮಂಕಾಗುತ್ತೆ. ಹದಿಮೂರರವರಿಗೆ ವರ್ಷಕ್ಕೆ ಎರಡು ಟೇಪರ್ ಸಾಕು, ಪ್ರತಿ ಪಂದ್ಯಕ್ಕೂ ಮಾಡಿದರೆ ತರಬೇತಿಗೆ ವಾರಗಳೇ ಉಳಿಯಲ್ಲ.

ಹೀಟ್ಸ್‌ನಲ್ಲಿ (ಫೈನಲ್‌ಗೆ ಮುಂಚಿನ ಸುತ್ತಿನಲ್ಲಿ) ಹಿಂದೆ ಬಿದ್ದರೆ ಕಣ್ಣೀರು ಹಾಕುವ ಮಕ್ಕಳಿಗೆ ಇದನ್ನು ಹೇಳಿ: 1996ರ ಅಟ್ಲಾಂಟಾದಲ್ಲಿ ಕೀರನ್ ಪರ್ಕಿನ್ಸ್ 1500 ಮೀಟರ್ ಫೈನಲ್‌ಗೆ ಎಂಟನೆಯವರಾಗಿ, ಅಂಚಿನ ಎಂಟನೇ ಲೇನಿಗೆ ಬಂದು ಚಿನ್ನ ಗೆದ್ದರು.

ಪಂದ್ಯಗಳಲ್ಲಿ ರೆಫರಿ ಕೆಲಸ ಮಾಡುವವರು

ನಿಯಮದ ಬಗ್ಗೆ ಚಿಕ್ಕದಾಗಿ. ಸ್ಟಾರ್ಟ್‌ಗೆ ಒಂದೇ ಅವಕಾಶ. 2004ರಲ್ಲಿ ಇಯಾನ್ ಥಾರ್ಪ್ ಅಂಥವರೇ ಆಸ್ಟ್ರೇಲಿಯಾದ ಆಯ್ಕೆ ಪಂದ್ಯದ 400 ಮೀಟರ್‌ನಲ್ಲಿ ಆಯ ತಪ್ಪಿ ಬ್ಲಾಕ್‌ನಿಂದ ನೀರಿಗೆ ಬಿದ್ದು ಅನರ್ಹರಾದರು. ಬ್ಲಾಕ್ ಮೇಲೆ ಅಲುಗಾಡದೆ ನಿಲ್ಲುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಿ. ಮೆಡ್ಲೆಯಲ್ಲಿ ಮಕ್ಕಳು ಜಾಸ್ತಿ ಅನರ್ಹರಾಗುವ ಜಾಗ ಬ್ಯಾಕ್‌ಸ್ಟ್ರೋಕ್‌ನಿಂದ ಬ್ರೆಸ್ಟ್‌ಸ್ಟ್ರೋಕ್‌ಗೆ ತಿರುಗುವಾಗ: ಅಂಗಾತ ಇದ್ದಂತೆಯೇ ಗೋಡೆ ಮುಟ್ಟಿ ಆಮೇಲೆ ತಿರುಗಬೇಕು. ಬಟರ್‌ಫ್ಲೈ, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೆ ತಾಗಬೇಕು.

ದುಬಾರಿ ರೇಸ್ ಸೂಟ್ ಈಗ ಬೇಡ. ಮೈಗೆ ಬಿಗಿಯಾದ ಸಾದಾ ಸೂಟ್ ಸಾಕು.

ಔಷಧಿ ವಿಷಯದಲ್ಲಿ ಈಗಿನಿಂದಲೇ ರೂಢಿ ಮಾಡಿಸಿ. ದೇಹದೊಳಗೆ ಸಿಕ್ಕಿದ್ದಕ್ಕೆ ಈಜುಗಾರರೇ ಹೊಣೆ, ಗೊತ್ತಿರಲಿಲ್ಲ ಅಂದರೆ ನಡೆಯಲ್ಲ. ನೆಗಡಿ ಮಾತ್ರೆ, ಆಸ್ತಮಾ ಇನ್‌ಹೇಲರ್, ಪುಡಿ ಡಬ್ಬ, ಯಾವುದೇ ಇರಲಿ, ಉದ್ದೀಪನ ಮದ್ದುಗಳ ನಿಷೇಧಿತ ಪಟ್ಟಿ ನೋಡಿಯೇ ತಗೊಳ್ಳೋದು. ಚಿಕಿತ್ಸೆಗೆ ಬೇಕೇ ಬೇಕಾದರೆ ಮೊದಲೇ ವಿನಾಯಿತಿ ಪತ್ರ. ಮುಂದೆ ಮದ್ದು ಪರೀಕ್ಷೆಯ ಪಟ್ಟಿಗೆ ಸೇರಿದರೆ ದಿನಕ್ಕೆ 60 ನಿಮಿಷ ಎಲ್ಲಿ ಸಿಗ್ತೀನಿ ಅಂತ ಮುಂಚೆಯೇ ತಿಳಿಸಿರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಒಂದು ಹನಿ ಮದ್ದು ಮುಟ್ಟದಿದ್ದರೂ, ನಿಷೇಧ ಬರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಕೋಚ್‌ಗೆ ಬೇಸರ ಆಗದ ಹಾಗೆ ಇದನ್ನೆಲ್ಲ ಹೇಗೆ ಹೇಳಲಿ?

ವಯೋಗುಂಪಿನ ಮಕ್ಕಳಿಗೆ ಕೋಚಿಂಗ್ ಕೊಡುವವರು

ಸೆಷನ್ ನಡೆಯುವಾಗ ಕೊಳದ ದಡದಲ್ಲಿ ಕೇಳಬೇಡಿ, ಬೇರೆ ಸಮಯ ಕೇಳಿ ಹೋಗಿ. ನೀವು ತೆಗೆದ ವಿಡಿಯೋ ತೋರಿಸಿ, ಬಲಗೈ ಇಳಿಯುವ ಜಾಗದಲ್ಲಿ ನಿಲ್ಲಿಸಿ, "ಸರ್, ಇದನ್ನು ಸರಿಮಾಡೋಕೆ ಆರು ವಾರ ಕೊಡಿ, ಪ್ಯಾಡಲ್ ಬಿಟ್ಟು. ಎರಡು ಹೊತ್ತಿನ ವಿಷಯ ಆಮೇಲೆ ಮಾತಾಡೋಣ" ಅನ್ನಿ. ಒಳ್ಳೆ ಕೋಚ್ ಆದರೆ ವಿಡಿಯೋ ನೋಡಿದ ಕೂಡಲೇ ಅವರೇ ಮುಂದಿನದು ಹೇಳ್ತಾರೆ. ನೋವಿನ ಬಗ್ಗೆ ಮಾತೇ ಕೇಳಿಸಿಕೊಳ್ಳದಿದ್ದರೆ ಕೋಚ್ ಬದಲಿಸುವ ಯೋಚನೆ ಮಾಡಿ.

ಈ ವಾರವೇ 400 ಮತ್ತು 200 ಟೈಮಿಂಗ್ ತೆಗೆಯಲು ಹೋಗಬೇಡಿ, ನೋಯುವ ಭುಜದಲ್ಲಿ ಬರುವ ಅಂಕಿ ಸುಳ್ಳು. ಎರಡು ವಾರ ನೋವಿಲ್ಲದೆ ಕಳೆದ ಮೇಲೆ ತೆಗೆಯಿರಿ. ಆರನೇ ವಾರ ಅದೇ ಕೊಳದಲ್ಲಿ, ಅದೇ ಹೊತ್ತಿಗೆ, ಅಷ್ಟೇ ವಾರ್ಮ್‌ಅಪ್ ಮಾಡಿಸಿ ಮತ್ತೊಮ್ಮೆ. ಎರಡೂ ಸಲದ ಅಂಕಿಗಳ ಪಕ್ಕ ಎತ್ತರ ಮತ್ತು 50 ಮೀಟರಿನ ಸ್ಟ್ರೋಕ್ ಎಣಿಕೆಯನ್ನೂ ಬರೆದು ಇಲ್ಲಿ ಹಾಕಿ, ಮುಂದಿನ ಮೂರು ತಿಂಗಳಿಗೆ ಎಷ್ಟು ದೂರ ಅಂತ ಅದನ್ನು ನೋಡಿಯೇ ಹೇಳಬಹುದು.