ಅಂತರ್‌ಶಿಸ್ತೀಯ: ಇಲ್ಲಿ ‘ಶಿಸ್ತು’ ಏನು ಮಾಡುತ್ತಿದೆ?

ಬಳಗದ ಎಲ್ಲರಿಗೂ ನಮಸ್ಕಾರ.

ಮಾಧ್ಯಮ, ಸಂಸ್ಕೃತಿ, ಸಮಾಜ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನಡೆಯುವ ಸಂಶೋಧನೆಯ ಬಗ್ಗೆ ನಮ್ಮ ಕಾಲೇಜಿನಲ್ಲಿ ಎರಡು ದಿನದ ವಿಚಾರಸಂಕಿರಣವಿದೆ. ಕರಪತ್ರದ ಕನ್ನಡ ನನ್ನ ಪಾಲಿಗೆ ಬಂತು. ‘ಇಂಟರ್‌ಡಿಸಿಪ್ಲಿನರಿ’ (ಅರಿವಿನ ಹಲವು ಶಾಖೆಗಳನ್ನು ಬೆಸೆಯುವ) ಎಂದು ಬಂದಲ್ಲೆಲ್ಲ ರೂಢಿಯಂತೆ ‘ಅಂತರ್‌ಶಿಸ್ತೀಯ’ ಎಂದು ಹಾಕಿದೆ. ಅದೇ ಜೋರಿನಲ್ಲಿ ಸಿದ್ಧತಾ ಸಮಿತಿಗೆ ‘ಅಂತರ್‌ಶಿಸ್ತು ಸಮಿತಿ’ ಎಂದು ಹೆಸರಿಟ್ಟು ಸಭೆಯ ಸೂಚನೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಮಧ್ಯಾಹ್ನ ಗಣಿತದ ಮೇಷ್ಟ್ರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: “ಯಾರ ಮೇಲಂತೆ ಶಿಸ್ತುಕ್ರಮ?”

ಅವರದು ತಪ್ಪಲ್ಲ. ಕನ್ನಡದಲ್ಲಿ ಶಿಸ್ತು ಎಂದರೆ ಮೊದಲು ಕಣ್ಣಿಗೆ ಬರುವುದು ಎನ್‌ಸಿಸಿ ಪರೇಡು, ಇಸ್ತ್ರಿ ಅಂಗಿ. “ಏನ್ ಶಿಸ್ತಾಗಿ ಬಂದಿದ್ದೀರಿ, ಮದುವೆಗಾ?” ಅನ್ನುತ್ತೇವೆ. ಇನ್ನೊಂದು ಅರ್ಥ ಮಲೆನಾಡಿನವರಿಗೆ ಗೊತ್ತಿರುತ್ತದೆ: ಕೆಳದಿಯ ಶಿವಪ್ಪನಾಯಕ 17ನೆಯ ಶತಮಾನದಲ್ಲಿ ಗದ್ದೆ ತೋಟಗಳಿಗೆ ನಿಗದಿ ಮಾಡಿದ ಕಂದಾಯದ ಕ್ರಮಕ್ಕೆ ಶಿಸ್ತು ಎಂದೇ ಹೆಸರು. ‘ಶಿಸ್ತಿನ ಶಿವಪ್ಪನಾಯಕ’ ಅನ್ನುವಾಗ ನಾವು ಕಟ್ಟುನಿಟ್ಟಿನ ದೊರೆ ಎಂದುಕೊಳ್ಳುತ್ತೇವೆ. ಅಲ್ಲಿರುವುದು ತೆರಿಗೆಯ ಲೆಕ್ಕ. ಮರಾಠಿಯಲ್ಲೂ ‘ಶಿಸ್ತ’ ಇದೆ, ನಮ್ಮ ಅರ್ಥದಲ್ಲೇ. ಹಿಂದಿಯಲ್ಲಿ ‘ಶಿಸ್ತ್ ಬಾಂಧ್‌ನಾ’ ಎಂದರೆ ಗುರಿ ಹಿಡಿಯುವುದು. ಹೀಗೆ ಗುರಿ, ಕಂದಾಯ, ಇಸ್ತ್ರಿ ಅಂಗಿ ಎಲ್ಲ ಸುತ್ತಿ ಬಂದ ಪದದ ತಲೆಯ ಮೇಲೆ ‘ಅರಿವಿನ ಒಂದು ಶಾಖೆ’ ಎಂಬ ಹೊರೆಯನ್ನೂ ಹೊರಿಸಿದ್ದೇವೆ. ಇಂಗ್ಲಿಷಿನ ‘ಡಿಸಿಪ್ಲಿನ್’ ಎಂಬ ಒಂದೇ ಪದಕ್ಕೆ ಶಿಸ್ತು, ಅರಿವಿನ ಶಾಖೆ ಎಂಬ ಎರಡು ಅರ್ಥವಿದೆ ಎಂಬುದಷ್ಟೇ ಇದಕ್ಕೆ ಕಾರಣ.

ವ್ಯಾಕರಣದ ತಕರಾರು ಬೇರೆ. ‘ಈಯ’ ಸಂಸ್ಕೃತದ ಪ್ರತ್ಯಯ; ರಾಷ್ಟ್ರೀಯ, ಭಾರತೀಯ ಸರಿ, ಶಿಸ್ತೀಯ? ಹಾಗಾದರೆ ದುಡ್ಡೀಯ, ಜಮೀನೀಯ ಎಂದೂ ಬರೆಯೋಣ. ಮುಂದಿನ ಭಾಗದ ಕಥೆಯೂ ಇಷ್ಟೇ. ‘ಅಂತರ್’ ಮುಂದೆ ‘ರ’ ಬಂದರೆ ಅಂತಾರಾಷ್ಟ್ರೀಯವಾಗುತ್ತದೆ. ಕ, ಪ, ಶ ಬಂದರೆ ವಿಸರ್ಗ: ಅಂತಃಕರಣ, ಅಂತಃಪುರ, ಅಂತಃಶಕ್ತಿ. ಆ ಲೆಕ್ಕದಲ್ಲಿ ನಮ್ಮದು ‘ಅಂತಃಶಿಸ್ತು’ ಆಗಬೇಕು. ಅದು ಕೇಳಲು ಯಾವುದೋ ಮಠದ ಪ್ರವಚನದ ಹಾಗಿದೆ. ಕೆಲವರು ‘ಅಂತರಶಿಸ್ತೀಯ’ ಎಂದು ಬರೆದು ಸಂಧಿಯ ಕಾಟ ತಪ್ಪಿಸಿಕೊಂಡಿದ್ದಾರೆ, ಆದರೆ ‘ಅಂತರ’ ಎಂದ ಕೂಡಲೇ ನಮಗೆ ನೆನಪಾಗುವುದು ದೂರ. ಹತ್ತಿರ ತರುವ ಕೆಲಸಕ್ಕೆ ಈ ಹೆಸರು!

‘ಶಾಸ್ತ್ರ’ ಬಳಸಬಹುದಲ್ಲ ಎಂದು ಕನ್ನಡ ವಿಭಾಗದ ಸಹೋದ್ಯೋಗಿ ಕೇಳಿದರು. ನ್ಯಾಯವಾದ ಮಾತು. ಸಮಾಜಶಾಸ್ತ್ರ, ಮಾನವಶಾಸ್ತ್ರ ಎಲ್ಲ ಇವೆ. ಶಾಸ್ತ್ರ, ಶಾಸನ, ಶಿಷ್ಯ ಒಂದೇ ಧಾತುವಿನ ಮಕ್ಕಳು. ಆದರೆ ‘ಶಾಸ್ತ್ರೀಯ’ ಎಂದರೆ ಈಗ ಸಂಗೀತ, ಇಲ್ಲವೇ 2008ರಲ್ಲಿ ಕನ್ನಡಕ್ಕೆ ಸಿಕ್ಕ ಸ್ಥಾನಮಾನ. “ಶಾಸ್ತ್ರಕ್ಕೊಂದು ಸಂಶೋಧನೆ ಮಾಡಿದ” ಎಂದರಂತೂ ಮುಗಿಯಿತು. ‘ವಿಷಯ’ ಇನ್ನೂ ಸುಲಭವಿತ್ತು, ಆದರೆ ಅದಕ್ಕೆ ‘ಅಂತರ’ ಸೇರಿದರೆ ‘ವಿಷಯಾಂತರ’! ನಮ್ಮಲ್ಲಿ ಹಲವು ಗೈಡುಗಳು ಇಂಥ ಸಂಶೋಧನೆಯನ್ನು ನೋಡುವುದು ಹಾಗೇ ಅನ್ನಿ.

ಪದ ಬೇಕೆಂದು ಹಟ ಹಿಡಿದಿರುವುದಕ್ಕೆ ಕಾರಣವಿದೆ. ನಮ್ಮ ಒಬ್ಬ ವಿದ್ಯಾರ್ಥಿನಿ ಯಕ್ಷಗಾನ ಮೊಬೈಲಿಗೆ ಬಂದ ಮೇಲೆ ಏನಾಗಿದೆ ಎಂದು ನೋಡುತ್ತಿದ್ದಾಳೆ. ರಾತ್ರಿಯಿಡೀ ಆಟ ಕಾಲಮಿತಿಗೆ ಇಳಿದದ್ದು, ಕುಂದಾಪುರದ ಕಡೆಯ ಹುಡುಗ ಬೆಂಗಳೂರಿನ ಪಿಜಿಯಲ್ಲಿ ಕೂತು ಒಂದೇ ಪದ್ಯವನ್ನು ಹತ್ತು ಸಲ ಹಿಂದಕ್ಕೆ ಎಳೆದು ಕೇಳುವುದು, ಹಾಗೆ ಕೇಳಿಸಿಕೊಳ್ಳುತ್ತಾರೆಂದು ಗೊತ್ತಿರುವ ಭಾಗವತರು ರಾಗ ಎತ್ತುವ ರೀತಿ. ಇದರಲ್ಲಿ ಮಾಧ್ಯಮ ಎಲ್ಲಿ ಮುಗಿದು ಸಂಸ್ಕೃತಿ ಎಲ್ಲಿ ಶುರು? ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆದು ಹೊಲಿದರೆ ಅದನ್ನು ಬಹುಶಾಸ್ತ್ರೀಯ ಎನ್ನಿ. ಇವಳ ಪ್ರಶ್ನೆ ಯಾರೊಬ್ಬರ ಮನೆಯದೂ ಅಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರಿಗೆ ಈ ಪದ ಬೇಕಾಗಿರಲಿಲ್ಲ. ಆದರೂ ಆ ಪುಟ್ಟ ಕೇಂದ್ರದಿಂದ ‘ಆಕಾಶವಾಣಿ’ಯಂಥ ಹೆಸರು ಬಂತು.

ಜೊತೆಗೆ ಇನ್ನೊಂದು ಚಿಕ್ಕ ತೊಡಕು. ಅದೇ ಹುಡುಗಿಯ ಪ್ರಬಂಧದಲ್ಲಿ ‘ಆಡಿಯನ್ಸ್’ಗೆ ಏನು ಹಾಕುವುದು? ಗದ್ದೆಯಲ್ಲಿ ಕೂತವರು ಪ್ರೇಕ್ಷಕರು, ಟಿವಿ ಮುಂದಿನವರು ವೀಕ್ಷಕರು, ರೇಡಿಯೊ ಹಚ್ಚಿದವರು ಕೇಳುಗರು, ಯೂಟ್ಯೂಬಿಗೆ ಬಂದರೆ ಚಂದಾದಾರರು. ಮನುಷ್ಯ ಒಬ್ಬನೇ. ನನಗೆ ಈ ಬೇರೆ ಬೇರೆ ಹೆಸರುಗಳೇ ಇಷ್ಟ, ಒಂದಕ್ಕೆ ಇಳಿಸುವ ಅಗತ್ಯ ಕಾಣುತ್ತಿಲ್ಲ. ಆದರೆ ಅವಳಿಗೆ ತಲೆಬರಹಕ್ಕೊಂದು ಬೇಕಂತೆ.

ನನ್ನ ಕರಡಿನಲ್ಲಿ ಸದ್ಯ ‘ಕೂಡು ಅಧ್ಯಯನ’ ಎಂದಿದೆ. ಕೂಡುಕುಟುಂಬದ ಮಾದರಿಯಲ್ಲಿ, ಜಗಳವೂ ಸೇರಿಯೇ ಬರುತ್ತದೆ. ಗಣಿತದ ಮೇಷ್ಟ್ರಿಗೆ ಮಾತ್ರ ಅದು ಕೂಡುವ ಲೆಕ್ಕದ ಹಾಗೆ ಕೇಳಿಸಿತಂತೆ. ಶುಕ್ರವಾರ ಕರಪತ್ರ ಪ್ರೆಸ್ಸಿಗೆ ಹೋಗಬೇಕು. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಅಷ್ಟರೊಳಗೆ ತಿಳಿಸಿ. ಹಾಗೆಯೇ ನಗರ, ತೀರ್ಥಹಳ್ಳಿ, ಸಾಗರದ ಕಡೆಯವರು ಒಂದು ಮಾತು ಹೇಳಿ: ನಿಮ್ಮ ಹಿರಿಯರ ಬಾಯಲ್ಲಿ ‘ಶಿಸ್ತು’ ಕಂದಾಯದ ಅರ್ಥದಲ್ಲಿ ಇನ್ನೂ ಉಳಿದಿದೆಯೇ?